ಸಂಚಾರಿ ಬಿಡಾರಗಳಲ್ಲಿ ನೀರಿನ ನಿರ್ವಹಣೆ (ಯಾದಗಿರಿ ಜಿಲ್ಲೆ)

ಸಂಚಾರಿ ಬಿಡಾರಗಳಲ್ಲಿ ನೀರಿನ ನಿರ್ವಹಣೆ ಎಂದರೆ ನಳದ ಸಂಪರ್ಕವಾಗಲಿ ಸ್ವಂತ ಬಾವಿಯಾಗಲಿ ಇಲ್ಲದ ತಾಣದಲ್ಲಿ ಕೆಲವು ದಿನ ಅಥವಾ ವಾರಗಳ ಕಾಲ ತಂಗುವವರು ನೀರನ್ನು ಹುಡುಕುವ, ತರುವ, ಕೂಡಿಡುವ, ಶುದ್ಧಗೊಳಿಸುವ ಹಾಗೂ ಮಿತವಾಗಿ ಬಳಸುವ ಕ್ರಮ. ಕರ್ನಾಟಕದ ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ ಮತ್ತು ಸುರಪುರ ಪ್ರದೇಶಗಳಲ್ಲಿ ಈ ಕ್ರಮವನ್ನು ಮುಖ್ಯವಾಗಿ ಸಂಚಾರಿ ಕುರಿಗಾರರು, ಹತ್ತಿ ಬಿಡಿಸಲು ಬರುವ ಕೂಲಿಕಾರರು ಹಾಗೂ ಬಂಡಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಜಾತ್ರೆಗೆ ಹೋಗುವ ಭಕ್ತರು ಅನುಸರಿಸುತ್ತಾರೆ. ಅಮೆರಿಕದಲ್ಲಿ ಮನೆಯಂತೆ ಸಜ್ಜುಗೊಳಿಸಿದ ವಾಹನಗಳಲ್ಲಿ ನೀರಿನ ಸಂಪರ್ಕವಿಲ್ಲದೆಡೆ ತಂಗುವುದನ್ನು ಬೂನ್‌ಡಾಕಿಂಗ್ ಎನ್ನುತ್ತಾರೆ. ಅಲ್ಲಿ ಅದು ವಿರಾಮದ ವಿಹಾರ, ಇಲ್ಲಿ ಜೀವನೋಪಾಯ. ಆದರೂ ಲೆಕ್ಕಾಚಾರ ಒಂದೇ: ಇರುವ ನೀರು ಎಷ್ಟು, ಅದು ಎಷ್ಟು ದಿನಕ್ಕೆ ಸಾಕು, ಮುಂದಿನ ನೀರು ಎಲ್ಲಿದೆ.

ಹಿನ್ನೆಲೆ

ಯಾದಗಿರಿಯು 2009ರ ಡಿಸೆಂಬರ್ 30ರಂದು ಅವಿಭಜಿತ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾಯಿತು. ಆಗ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳಿದ್ದವು. ಗುರುಮಠಕಲ್, ಹುಣಸಗಿ ಮತ್ತು ವಡಗೇರಾ ನಂತರ ಸೇರಿದವು. ಕೃಷ್ಣಾ ಮತ್ತು ಭೀಮಾ ನದಿಗಳೆರಡೂ ಜಿಲ್ಲೆಯನ್ನು ಹಾದುಹೋಗುತ್ತವೆಯಾದರೂ ನದಿಯಿಂದ ದೂರವಿರುವ ಎರೆ ಮತ್ತು ಮಸಾರಿ ಹೊಲಗಳಲ್ಲಿ ಬೇಸಿಗೆಯ ಹೊತ್ತಿಗೆ ಹಳ್ಳಗಳು ಬತ್ತುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ ಸಂಗತಿ.

ಸುರಪುರ ಸಂಸ್ಥಾನದ ನಾಯಕ ಅರಸರ ಕಾಲದ ಕೆರೆಗಳಲ್ಲಿ ಬೋನಾಳ ಕೆರೆ ಪ್ರಸಿದ್ಧವಾದುದು; ಇಂದು ಅದು ಪಕ್ಷಿಧಾಮವೆಂದೂ ಹೆಸರಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾಗಿ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡ ಮೇಲೆ ಎಡದಂಡೆ ಕಾಲುವೆಯು ಸುರಪುರ ಮತ್ತು ಶಹಾಪುರ ಭಾಗದ ಚಿತ್ರವನ್ನೇ ಬದಲಿಸಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲಕ್ಕೆ ಭತ್ತ ಮತ್ತು ಹತ್ತಿ ಬಂದವು. ಇದರಿಂದ ಕುರಿಗಾರರಿಗೆ ಆದದ್ದು ಅರ್ಧ ಲಾಭ, ಅರ್ಧ ನಷ್ಟ. ನೀರು ಹತ್ತಿರವಾಯಿತು, ಬೀಳುಭೂಮಿ ಕಡಿಮೆಯಾಯಿತು.

ಮಂದೆಯ ನೀರು ಮತ್ತು ಮನುಷ್ಯರ ನೀರು

ಈ ಭಾಗದ ಕುರಿಗಾರರು ಹೆಚ್ಚಾಗಿ ಕೆಂಗುರಿ ಮತ್ತು ದಖನಿ ತಳಿಯ ಕುರಿಗಳನ್ನು ಸಾಕುತ್ತಾರೆ. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆಯನ್ನು ತರುಬಿ, ಗೊಬ್ಬರಕ್ಕೆ ಪ್ರತಿಯಾಗಿ ಹೊಲದ ಒಡೆಯನಿಂದ ಕಾಳು ಅಥವಾ ಹಣ ಪಡೆಯುವುದು ಹಳೆಯ ರೂಢಿ. ಈ ಒಪ್ಪಂದದಲ್ಲಿ ಮೊದಲು ಮಾತಿಗೆ ಬರುವುದು ನೀರು. ಬೆಳೆದ ಕುರಿಯೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 5 ಲೀಟರ್ ಎಂದು ಹಿಡಿದರೂ 200 ಕುರಿಗಳ ಮಂದೆಗೆ 1,000 ಲೀಟರ್ ಬೇಕು. ಅದರ ತೂಕವೇ ಒಂದು ಟನ್. ಕುದುರೆ ಅಥವಾ ಕತ್ತೆಯ ಬೆನ್ನ ಮೇಲೆ ಸಂಸಾರ ಹೇರಿಕೊಂಡು ನಡೆಯುವವರು ಇಷ್ಟನ್ನು ಹೊರುವುದು ಅಸಾಧ್ಯ. ಆದ್ದರಿಂದ ಕುರಿ ನೀರಿನ ಬಳಿಗೆ ಹೋಗುತ್ತದೆ, ಮನುಷ್ಯರ ನೀರು ಮಾತ್ರ ಬಿಡಾರಕ್ಕೆ ಬರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ವಿಂಗಡಣೆಯ ಮೇಲೆ.

ತುರ್ತು ಪರಿಸ್ಥಿತಿಗಳಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡವು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎನ್ನುತ್ತದೆ. ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ಇಟ್ಟುಕೊಂಡ ಗುರಿ 55 ಲೀಟರ್. ಐವರ ಬಿಡಾರಕ್ಕೆ ಮೊದಲ ಲೆಕ್ಕದಂತೆ 75 ಲೀಟರ್, ಅಂದರೆ 15 ಲೀಟರಿನ ಐದು ಕೊಡ ಬೇಕು. ಬೋರ್‌ವೆಲ್ ಒಂದು ಕಿಲೋಮೀಟರ್ ದೂರವಿದ್ದು, ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತರೆ ಮೂರು ಸಲ ಹೋಗಿಬರಬೇಕು, ಆರು ಕಿಲೋಮೀಟರ್ ನಡೆಯಬೇಕು. ಹೊರುವವರು ಬಹುಪಾಲು ಹೆಂಗಸರು ಮತ್ತು ಬೆಳೆದ ಹೆಣ್ಣುಮಕ್ಕಳು. ಬಿಡಾರದ ನೀರಿನ ಬಗೆಗೆ ಬರೆಯುವವರು ಲೀಟರುಗಳನ್ನು ಎಣಿಸಿದಷ್ಟು ಈ ಹೆಜ್ಜೆಗಳನ್ನು ಎಣಿಸುವುದಿಲ್ಲ.

ನೀರಿನ ಮೂಲಗಳು

ಹಿಂದೆ ಹಳ್ಳ ಮತ್ತು ನದಿಯ ಪಾತ್ರದ ಉಸುಕಿನಲ್ಲಿ ಕೈಯಿಂದ ತಗ್ಗು ತೋಡಿ ಒರತೆ ತೆಗೆಯುವುದು ವ್ಯಾಪಕವಾಗಿತ್ತು. ಇದನ್ನು ಆಡುಮಾತಿನಲ್ಲಿ ವರ್ತಿ ಎನ್ನುತ್ತಾರೆ. ಉಸುಕಿನ ಮೂಲಕ ಸೋಸಿ ಬರುವ ಈ ನೀರು ಹರಿಯುವ ನೀರಿಗಿಂತ ತಿಳಿಯಾಗಿರುತ್ತದೆ. ಮೊದಲು ಕೂಡಿದ ನೀರನ್ನು ಚೆಲ್ಲಿ, ಎರಡನೆಯ ಸಲ ಊರಿದ್ದನ್ನು ತುಂಬಿಕೊಳ್ಳುವುದು ವಾಡಿಕೆ. ಉಸುಕನ್ನು ಲಾರಿಗಟ್ಟಲೆ ಎತ್ತಿದ ಕಡೆ ಒರತೆಯೂ ಹೋಗಿದೆ.

ಕಾಲುವೆ ನೀರು ಕುರಿಗಳಿಗೆ ಅನುಕೂಲ. ಆದರೆ ಎಡದಂಡೆ ಕಾಲುವೆಗೆ ನೀರನ್ನು ವಾರಬಂದಿ ಪದ್ಧತಿಯಲ್ಲಿ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವುದುಂಟು. ಬೇಸಿಗೆಯಲ್ಲಿ ಪೂರ್ಣವಾಗಿ ನಿಲ್ಲಿಸುವುದೂ ಉಂಟು. ನೀರು ಬಿಡುವ ದಿನ ತಿಳಿಯದೆ ಕಾಲುವೆಯನ್ನು ನಂಬಿ ಹಟ್ಟಿ ಹಾಕಿದವರು ಮಂದೆಯನ್ನು ಎಬ್ಬಿಸಿಕೊಂಡು ಹೊರಡಬೇಕಾಗುತ್ತದೆ. ಭತ್ತ ಮತ್ತು ಹತ್ತಿಯ ಹೊಲಗಳಿಂದ ಬಸಿದು ಬರುವ ನೀರಿನಲ್ಲಿ ಕೀಟನಾಶಕ ಸೇರಿರಬಹುದಾದ ಕಾರಣ, ಔಷಧಿ ಹೊಡೆದ ದಿನಗಳಲ್ಲಿ ಬಸಿಗಾಲುವೆಗೆ ಕುರಿಯನ್ನು ಇಳಿಸುವುದು ಅಪಾಯಕರ.

ಊರುಗಳ ಸಮೀಪದಲ್ಲಿ ಕೈಪಂಪು, ಸಿಸ್ಟರ್ನ್, ಜಾನುವಾರು ತೊಟ್ಟಿ ಹಾಗೂ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಇಂದಿನ ಮೂಲಗಳು. ಒಂದೇ ಹಳ್ಳದ ಬಳಿ ತಂಗಿದಾಗ ಮೇಲ್ಗಡೆ ಕುಡಿಯುವ ನೀರು, ಅದರ ಕೆಳಗೆ ಜಾನುವಾರು, ಕೊನೆಗೆ ಬಟ್ಟೆ ಒಗೆಯುವುದು ಎಂಬ ಕ್ರಮವನ್ನು ಬೇರೆ ಬೇರೆ ಬಿಡಾರಗಳವರೂ ಪಾಲಿಸುತ್ತಾರೆ.

ಸಂಗ್ರಹ

ಸೋರೆಬುರುಡೆ, ಮಣ್ಣಿನ ಗಡಿಗೆ ಮತ್ತು ಚರ್ಮದ ಚೀಲಗಳು ಹಿಂದಿನ ಸಾಧನಗಳು. ಈಗ ಪ್ಲಾಸ್ಟಿಕ್ ಕೊಡ, ಕ್ಯಾನ್ ಮತ್ತು 200 ಲೀಟರಿನ ನೀಲಿ ಡ್ರಮ್ ಬಂದಿವೆ. ಕ್ಯಾನಿಗೆ ಗೋಣಿತಟ್ಟು ಹೊಲಿದು ಆಗಾಗ ನೀರು ಚಿಮುಕಿಸುತ್ತಾರೆ. ತಟ್ಟಿನ ತೇವ ಆರುವಾಗ ಶಾಖವನ್ನು ಹೀರುವುದರಿಂದ ಒಳಗಿನ ನೀರು ತಂಪಾಗುತ್ತದೆ. ಹೊರಗಿನ ಗಾಳಿ ಒಣಗಿದಷ್ಟೂ ಈ ತಂತ್ರ ಚೆನ್ನಾಗಿ ಫಲಿಸುವುದರಿಂದ ಇಲ್ಲಿನ ಬೇಸಿಗೆಗೆ ಇದು ಹೇಳಿಮಾಡಿಸಿದ್ದು.

ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡಬ್ಬಿ ಮತ್ತು ಡ್ರಮ್‌ಗಳನ್ನು ಎಷ್ಟು ಸಲ ತೊಳೆದರೂ ಕುಡಿಯುವ ನೀರಿಗೆ ಬಳಸಬಾರದು. ಹತ್ತಿ ಹೊಲದ ಬದುವಿನಲ್ಲಿ ಇಂಥವು ಪುಕ್ಕಟೆಯಾಗಿ ಸಿಗುತ್ತವೆ ಎಂಬುದೇ ಇಲ್ಲಿರುವ ಗಂಡಾಂತರ. ಮುಚ್ಚಳವಿಲ್ಲದ ಡ್ರಮ್‌ನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕೂಲಿಕಾರರ ಜೋಪಡಿಗಳಲ್ಲಿ ವಾರಕ್ಕೊಮ್ಮೆ ಡ್ರಮ್ ಬರಿದುಮಾಡಿ ಒಳಗೋಡೆ ಉಜ್ಜಿ ಒಣಗಿಸಬೇಕೆಂದು ಆರೋಗ್ಯ ಕಾರ್ಯಕರ್ತರು ಹೇಳುವುದು ಈ ಕಾರಣಕ್ಕೆ.

ಶುದ್ಧೀಕರಣ

ನೀರನ್ನು ಬಟ್ಟೆಯಲ್ಲಿ ಸೋಸುವ ರೂಢಿಗೆ ಈ ಸೀಮೆಯಲ್ಲಿ ಒಂದು ಇತಿಹಾಸವಿದೆ. ಮೆಟ್ಟಿಲು ಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣು ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಹುಕಾಲ ಕಾಡಿತ್ತು. ಹುಳುವಿನ ಮರಿಗಳನ್ನು ಒಡಲಲ್ಲಿಟ್ಟುಕೊಂಡ ಸೂಕ್ಷ್ಮ ಜಲಜೀವಿಯನ್ನು ಬಟ್ಟೆ ತಡೆಯುತ್ತದೆ. ಭಾರತದ ಕೊನೆಯ ಪ್ರಕರಣ 1996ರಲ್ಲಿ ವರದಿಯಾಯಿತು. 2000ದಲ್ಲಿ ದೇಶವನ್ನು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆದರೆ ಬಟ್ಟೆಯು ವಾಂತಿಭೇದಿ ತರುವ ಬಿಡಿ ರೋಗಾಣುಗಳನ್ನು ತಡೆಯಲಾರದು. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಸಾವುಗಳು ಸಂಭವಿಸಿದವು. ನಳವಿರುವ ಊರಿನ ಸ್ಥಿತಿಯೇ ಹೀಗಾದರೆ ಬಯಲಿನ ಬಿಡಾರದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಕದಡಿದ ನೀರನ್ನು ಪಟಿಕ ಆಡಿಸಿ ತಿಳಿಗೊಳಿಸಿದ ಮೇಲೆ ಕುದಿಸುವುದು ಅಥವಾ ಕ್ಲೋರಿನ್ ಬೆರೆಸುವುದು ಕ್ರಮ. ನೀರು ಮರಳತೊಡಗಿದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಉರುವಲು ಸಿಗದೆಡೆ ಇದೂ ಕಷ್ಟವೇ. ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿಯಾದರೆ 1,000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಹಾಕಿ, ಒಂದು ಗಂಟೆ ಬಿಟ್ಟು ಬಳಸಬೇಕು. ಬಿಸಿಲು ಗಾಳಿಗೆ ತೆರೆದಿಟ್ಟ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಒಂದು ಕ್ಯಾನಿಗೆ ಬೇಕಾದಷ್ಟು ಪುಡಿಯನ್ನು ಅಂದಾಜಿನಿಂದ ಹಾಕುವುದು ಅಸಾಧ್ಯವಾದ್ದರಿಂದ ಬಿಡಾರದವರಿಗೆ ಕ್ಲೋರಿನ್ ಮಾತ್ರೆಯೇ ಲೇಸು.

ಕುದಿಸಿದರೂ ಹೋಗದ ದೋಷಗಳು ಬೇರೆ ಇವೆ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ; ಕುದಿಸಿದರೆ ನೀರು ಇಂಗಿ ಅದರ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಾಗ 1.5ರವರೆಗೆ ಅನುಮತಿ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದಲ್ಲಿನ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಆದ ಪರಿಣಾಮಗಳನ್ನು ದಾಖಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದು ಹಳೆಯ ಚಿನ್ನದ ಗಣಿಗಳಿರುವ ಮಂಗಳೂರು ಶಿಲಾಪಟ್ಟಿಯ ಪ್ರದೇಶ (ಈ ಮಂಗಳೂರು ಕರಾವಳಿಯದಲ್ಲ, ಸುರಪುರ ಸೀಮೆಯದು). ಫ್ಲೋರೈಡ್ ಆಗಲಿ ಆರ್ಸೆನಿಕ್ ಆಗಲಿ ರುಚಿ, ಬಣ್ಣ, ವಾಸನೆಗಳಿಂದ ತಿಳಿಯುವಂಥದಲ್ಲ. ಸವಳು ನೀರನ್ನು ನಾಲಗೆ ಗುರುತಿಸುತ್ತದೆ, ಇವನ್ನು ಗುರುತಿಸದು. ಹೀಗಾಗಿ ಹೊಸ ಊರಿನ ಸೀಮೆಯಲ್ಲಿ ತಂಗುವವರು ಸ್ಥಳೀಯರು ಯಾವ ಬೋರ್‌ವೆಲ್ ನೀರನ್ನು ಕುಡಿಯುತ್ತಾರೆ, ಯಾವುದನ್ನು ಬಳಕೆಗೆ ಮಾತ್ರ ಇಟ್ಟಿದ್ದಾರೆ ಎಂದು ಕೇಳಿಯೇ ಕೊಡ ತುಂಬಬೇಕು.

ಮಿತಬಳಕೆ

ಕಡಕ್ ರೊಟ್ಟಿ, ಶೇಂಗಾ ಹಿಂಡಿಯಂಥ ಆಹಾರಗಳು ಹಲವು ದಿನ ಕೆಡದೆ ಇರುವುದಲ್ಲದೆ ನಿತ್ಯದ ಅಡುಗೆಯ ನೀರನ್ನೂ ಉಳಿಸುತ್ತವೆ. ಪಾತ್ರೆಗಳನ್ನು ಮೊದಲು ಬೂದಿಯಿಂದ ಒಣಗಿದಂತೆ ತಿಕ್ಕಿ, ಕೊನೆಗೆ ಮಾತ್ರ ನೀರು ಕಾಣಿಸುತ್ತಾರೆ. ಸ್ನಾನ, ಬಟ್ಟೆಗಳಿಗೆ ಕುರಿ ನೀರಿಗಿಳಿಸುವ ಹಳ್ಳವೇ ಗತಿ. ಈ ಉಳಿತಾಯದಲ್ಲಿ ಒಂದು ಮಿತಿ ಇರಬೇಕು: ಕೈ ತೊಳೆಯುವ ನೀರನ್ನು ಉಳಿಸಿದ ಬಿಡಾರಕ್ಕೆ ಭೇದಿ ಬಂದರೆ ಉಳಿಸಿದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ.

ಜಾತ್ರೆಯ ಬಿಡಾರಗಳು

ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಕರ ಸಂಕ್ರಾಂತಿಯಂದು ನಡೆಯುವ ಮೈಲಾರಲಿಂಗೇಶ್ವರ ಜಾತ್ರೆ ಮತ್ತು ಕೃಷ್ಣಾ ತೀರದ ತಿಂಥಣಿಯ ಮೌನೇಶ್ವರ ಜಾತ್ರೆಗಳಿಗೆ ಬರುವವರು ಬಯಲಲ್ಲೇ ತಂಗುತ್ತಾರೆ. ಮೈಲಾಪುರದ ಹೊನ್ನಕೆರೆಯಲ್ಲಿ ದೇವರ ಗಂಗಾಸ್ನಾನ ನಡೆಯುತ್ತದೆ, ಭಕ್ತರೂ ಮೀಯುತ್ತಾರೆ. ಆ ನೀರನ್ನು ಅಡುಗೆಗೆ ಬಳಸದೆ ಟ್ಯಾಂಕರ್ ನೀರನ್ನು ಅಥವಾ ಊರಿನಿಂದ ತಂದ ಡ್ರಮ್ ನೀರನ್ನು ನೆಚ್ಚುವುದು ಸುರಕ್ಷಿತ.

ನೆರೆಯ ಅಪಾಯ

ನೀರಿನ ಸಮೀಪದಲ್ಲಿ ತಂಗುವುದೇ ಅಪಾಯವಾಗುವ ಕಾಲವೂ ಇದೆ. ಮೇಲಿನ ಪ್ರದೇಶದಲ್ಲಿ ಮಳೆಯಾಗಿ ಬಸವಸಾಗರದ ಗೇಟುಗಳನ್ನು ತೆರೆದಾಗ, ಇಲ್ಲಿ ಆಕಾಶ ತಿಳಿಯಾಗಿದ್ದರೂ ಕೃಷ್ಣೆಯ ಮಟ್ಟ ತಟ್ಟನೆ ಏರುತ್ತದೆ. 2020ರ ಆಗಸ್ಟ್‌ನಲ್ಲಿ ಜಲಾಶಯದ ಕೆಳಗಿನ ನಡುಗಡ್ಡೆಯಲ್ಲಿ ಕುರಿಗಳೊಂದಿಗೆ ಸಿಲುಕಿದ್ದ ಕುರಿಗಾಹಿಯೊಬ್ಬರನ್ನು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರಕ್ಷಿಸಿತು. ಹುಲ್ಲು ಮತ್ತು ನೀರು ಎರಡೂ ಸಿಗುವ ನಡುಗಡ್ಡೆಗಳು ಕುರಿಗಾರರನ್ನು ಸೆಳೆಯುವುದು ಸಹಜ. ಮಳೆಗಾಲದಲ್ಲಿ ಜಿಲ್ಲಾಡಳಿತವು ನದಿಗೆ ನೀರು ಬಿಡುವ ಮುನ್ನ ದಡದ ಹಳ್ಳಿಗಳಲ್ಲಿ ಡಂಗುರ ಸಾರಿಸುತ್ತದೆಯಾದರೂ, ಊರಿನಿಂದ ದೂರ ಬಯಲಿನಲ್ಲಿರುವ ಬಿಡಾರಕ್ಕೆ ಆ ಸದ್ದು ಮುಟ್ಟುವುದು ಕಷ್ಟ.