ಎಂಟು ಗಂಟೆಯ ಊರಿನಲ್ಲಿ ಒಂದು ಹಗಲು



ಕಳೆದ ಅಕ್ಟೋಬರ್‌ನ ಲೇಬರ್ ಡೇ ರಜೆಗೆ ನಾನು ಮತ್ತು ನನ್ನ ಹೆಂಡತಿ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿ ಬಂದೆವು. ಹೋಗಿದ್ದು ರಾತ್ರಿ ರೈಲು, ಬಂದಿದ್ದೂ ರಾತ್ರಿ ರೈಲು, ನಡುವೆ ಇದ್ದದ್ದು ಒಂದೇ ಹಗಲು. "ಒಂದು ದಿನಕ್ಕೋಸ್ಕರ ಅಷ್ಟು ದೂರ ಯಾಕ್ರೀ ಹೋಗ್ತೀರಾ?" ಅಂತ ಕೆಲವರು ನಕ್ಕರು. ನಮ್ಮ ಮನೆಯ ಪಾಡು ಗೊತ್ತಿದ್ದವರು ನಗಲಿಲ್ಲ.

ನನ್ನದು ಗೋದಾಮಿನಲ್ಲಿ ರಾತ್ರಿ ಪಾಳಿ, ಅವಳದು ವೃದ್ಧರ ಆರೈಕೆ ಕೇಂದ್ರದಲ್ಲಿ ಬೆಳಗಿನ ಪಾಳಿ. ನಾನು ಮನೆಗೆ ಬರುವಾಗ ಅವಳು ಬೂಟು ಹಾಕಿಕೊಳ್ಳುತ್ತಿರುತ್ತಾಳೆ. ನಮ್ಮ ಸಂಸಾರದ ಅರ್ಧ ಮಾತು ಫ್ರಿಜ್ಜಿನ ಬಾಗಿಲ ಮೇಲಿನ ಚೀಟಿಯಲ್ಲೇ ನಡೆಯುತ್ತೆ. "ಸಾರು ಇದೆ, ಅನ್ನ ಮಾಡ್ಕೊ." "ಬಾಡಿಗೆ ಕಟ್ಟಿದೀನಿ." ಇಬ್ಬರಿಗೂ ಒಟ್ಟಿಗೆ ಒಂದು ಇಡೀ ದಿನ ರಜೆ ಸಿಕ್ಕಿದ್ದು ಐದು ತಿಂಗಳ ನಂತರ. ಆ ದಿನವನ್ನು ಬಟ್ಟೆ ಒಗೆಯುವುದರಲ್ಲಿ ಕಳೆಯಬಾರದು ಅಂತ ಅವಳೇ ಹಠ ಹಿಡಿದು ಟಿಕೆಟ್ ಮಾಡಿಸಿದಳು.

ಸೋಮವಾರ ಬೆಳಿಗ್ಗೆ ಸದರ್ನ್ ಕ್ರಾಸ್ ನಿಲ್ದಾಣದಲ್ಲಿ ಇಳಿದರೆ ಜನಸಾಗರ. ಕೈಯಲ್ಲಿ ಕಾಫಿ, ಕೊರಳಲ್ಲಿ ಗುರುತಿನ ಚೀಟಿ, ಎಲ್ಲರೂ ಓಡುತ್ತಿದ್ದಾರೆ. "ಇವರಿಗೆ ಇವತ್ತು ಲೇಬರ್ ಡೇ ಇಲ್ವಾ?" ಅಂದಳು. ಫೋನ್ ನೋಡಿದರೆ, ವಿಕ್ಟೋರಿಯಾ ರಾಜ್ಯಕ್ಕೆ ಆ ರಜೆ ಮಾರ್ಚ್ ತಿಂಗಳ ಎರಡನೇ ಸೋಮವಾರವಂತೆ! ನಮ್ಮ ನ್ಯೂ ಸೌತ್ ವೇಲ್ಸ್‌ಗೆ ಅಕ್ಟೋಬರ್‌ನ ಮೊದಲ ಸೋಮವಾರ. "ಒಂದೇ ದೇಶ, ಒಂದೇ ಹಬ್ಬ, ಎರಡು ತಾರೀಖು ಯಾಕೆ?" ನನಗೆ ಉತ್ತರ ಗೊತ್ತಿರಲಿಲ್ಲ. ಸಂಜೆಯೊಳಗೆ ಆ ಊರೇ ಉತ್ತರ ಹೇಳಿತು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

ಮೊದಲು ಹೋಗಿದ್ದು ನದಿಯ ದಂಡೆಗೆ. ನದಿಯ ಹೆಸರು ಯಾರಾ. ಕನ್ನಡದವರಿಗೆ ಅದು ಹೆಸರಲ್ಲ, ಪ್ರಶ್ನೆ! ನಿಜ ಹೇಳಬೇಕೆಂದರೆ ಆ ಹೆಸರೂ ಒಂದು ತಪ್ಪು ತಿಳುವಳಿಕೆಯಿಂದಲೇ ಬಂದದ್ದು. ಇಲ್ಲಿನ ಮೂಲನಿವಾಸಿಗಳಾದ ವುರುಂಡ್ಜೆರಿ ಜನ ಈ ನದಿಯನ್ನು ಬಿರ್ರಾರಂಗ್ ಅಂತ ಕರೆಯುತ್ತಾರೆ, ಮಂಜಿನ ನದಿ ಅಂತ ಅದರ ಅರ್ಥ. 1835ರಲ್ಲಿ ಬಂದ ಭೂಮಾಪಕ ಜಾನ್ ಹೆಲ್ಡರ್ ವೆಡ್ಜ್, ನೀರು ಧುಮುಕುವ ಜಾಗಕ್ಕೆ ಅವರು ಹೇಳಿದ ಮಾತನ್ನೇ ನದಿಯ ಹೆಸರು ಅಂದುಕೊಂಡು ಬರೆದಿಟ್ಟ. ಇಂದಿನ ಕ್ವೀನ್ಸ್ ಸೇತುವೆ ಇರುವಲ್ಲಿ ಆಗ ನದಿಗೆ ಅಡ್ಡಲಾಗಿ ಬಂಡೆಗಳ ಸಾಲಿತ್ತು. ಅದರ ಕೆಳಗೆ ಸಮುದ್ರದ ಉಪ್ಪುನೀರು, ಮೇಲೆ ಸಿಹಿನೀರು. ಹಡಗು ಬಂಡೆ ದಾಟುವಂತಿಲ್ಲ, ಆದರೆ ಕುಡಿಯೋ ನೀರು ಪಕ್ಕದಲ್ಲೇ. ಅದಕ್ಕೇ 1835ರ ಆಗಸ್ಟ್‌ನಲ್ಲಿ ಎಂಟರ್‌ಪ್ರೈಸ್ ಎಂಬ ಹಡಗು ಇಲ್ಲಿ ಲಂಗರು ಹಾಕಿತು, ಊರು ಇಲ್ಲೇ ಬೆಳೆಯಿತು. 1880ರ ದಶಕದಲ್ಲಿ ಹಡಗು ಮತ್ತು ಪ್ರವಾಹದ ಕಾರಣಕ್ಕೆ ಆ ಬಂಡೆಗಳನ್ನು ಸಿಡಿಸಿ ತೆಗೆದರು. ನಾವು ಸೇತುವೆ ಮೇಲೆ ನಿಂತು ಎಷ್ಟು ನೋಡಿದರೂ ಊರು ಹುಟ್ಟಿದ ಕಾರಣ ಕಾಣಲಿಲ್ಲ, ಬರೀ ಕಂದು ನೀರು.

ಅದೇ 1835ರ ಜೂನ್‌ನಲ್ಲಿ ಜಾನ್ ಬ್ಯಾಟ್‌ಮನ್ ಎಂಬವನು ಕಂಬಳಿ, ಕೊಡಲಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು ಸುಮಾರು 6 ಲಕ್ಷ ಎಕರೆ ಭೂಮಿಯನ್ನು ಮೂಲನಿವಾಸಿ ಹಿರಿಯರಿಂದ ಕೊಂಡೆ ಅಂತ ಕರಾರು ಮಾಡಿಕೊಂಡ. ಸಿಡ್ನಿಯಲ್ಲಿದ್ದ ಗವರ್ನರ್ ಬರ್ಕ್ ಆಗಸ್ಟ್‌ನಲ್ಲಿ ಆ ಕರಾರನ್ನು ರದ್ದು ಮಾಡಿದ. ಭೂಮಿ ಮೂಲನಿವಾಸಿಗಳಿಗೆ ಸೇರಿದ್ದು ಅಂತಲ್ಲ, ಎಲ್ಲವೂ ಬ್ರಿಟಿಷ್ ರಾಜನದು ಅಂತ! ಈ ಊರಿನ ಮೊದಲ ಲೆಕ್ಕವೇ ಹಾಗೆ, ನೆಲದವರ ಹೆಸರಿಲ್ಲದ ಲೆಕ್ಕ.

ದಂಡೆಯಿಂದ ಸ್ವಲ್ಪ ಮೇಲೆ ಫ್ಲಿಂಡರ್ಸ್ ಬೀದಿಯಲ್ಲಿ ಹಳೆಯ ಕಸ್ಟಮ್ಸ್ ಹೌಸ್ ಇದೆ. 1998ರಿಂದ ಅದು ವಲಸೆ ವಸ್ತುಸಂಗ್ರಹಾಲಯ. ನಮ್ಮಂಥವರು ನೋಡಲೇಬೇಕಾದ ಜಾಗ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹರಡಿತು. ಆ ವರ್ಷ ಸುಮಾರು 77 ಸಾವಿರ ಇದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 5 ಲಕ್ಷ 38 ಸಾವಿರ ದಾಟಿತು. ಬಂದವರಲ್ಲಿ ಎಷ್ಟೋ ಜನ ನಮ್ಮ ಹಾಗೆಯೇ, ಊರಲ್ಲಿ ಸಾಲ ಮಾಡಿ, ಎರಡು ವರ್ಷ ದುಡಿದು ವಾಪಸ್ ಹೋಗ್ತೀನಿ ಅಂದವರು. ಚೀನಾದಿಂದಲೂ ಸಾವಿರಾರು ಜನ ಬಂದರು. 1855ರಲ್ಲಿ ಸರ್ಕಾರ ಒಬ್ಬ ಚೀನೀಯನಿಗೆ 10 ಪೌಂಡ್ ತಲೆಗಂದಾಯ ಹಾಕಿತು. ಅವರು ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು, ನೂರಾರು ಕಿಲೋಮೀಟರ್ ನಡೆದೇ ಗಣಿಗಳನ್ನು ಸೇರಿದರು.

ಮುಂದಿನ ಕತೆ ಇನ್ನೂ ಹತ್ತಿರದ್ದು. 1901ರಲ್ಲಿ ಆಸ್ಟ್ರೇಲಿಯಾ ಒಕ್ಕೂಟವಾಯಿತು. ಸಂಸತ್ತು 1927ರವರೆಗೆ ನಡೆದದ್ದು ಇದೇ ಮೆಲ್ಬರ್ನ್‌ನಲ್ಲಿ. ಮೊದಲ ವರ್ಷವೇ ಮಾಡಿದ ವಲಸೆ ನಿರ್ಬಂಧ ಕಾಯ್ದೆಯಲ್ಲಿ ಬಣ್ಣದ ಮಾತೇ ಇರಲಿಲ್ಲ, ಇದ್ದದ್ದು ಒಂದು ಡಿಕ್ಟೇಶನ್. ಅಧಿಕಾರಿ ಯುರೋಪಿನ ಯಾವುದೇ ಭಾಷೆಯಲ್ಲಿ 50 ಪದ ಓದುತ್ತಾನೆ, ಬಂದವನು ಬರೆಯಬೇಕು. ಇಂಗ್ಲಿಷ್ ಬಂದರೆ ಬೇರೆ ಭಾಷೆ. ಫೇಲ್ ಮಾಡಿಸುವುದಕ್ಕೆಂದೇ ಇದ್ದ ಪರೀಕ್ಷೆ ಅದು. 1934ರಲ್ಲಿ ಎಗಾನ್ ಕಿಶ್ ಎಂಬ ಲೇಖಕನಿಗೆ ಹಲವು ಭಾಷೆ ಬರುತ್ತಿದ್ದರಿಂದ, ಸಿಡ್ನಿಯಲ್ಲಿ ಅವನಿಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಡಿಕ್ಟೇಶನ್ ಕೊಟ್ಟರು! ಹೈಕೋರ್ಟು ಅದನ್ನು ತಳ್ಳಿಹಾಕಿತು. ಆ ಪರೀಕ್ಷೆ ಹೋಗಿದ್ದು 1958ರಲ್ಲಿ, ಬಿಳಿಯರದೇ ದೇಶ ಎಂಬ ನೀತಿ ಪೂರ್ತಿ ಮುಗಿದದ್ದು 1973ರಲ್ಲಿ.

ನನ್ನ ಹೆಂಡತಿ ಐಇಎಲ್‌ಟಿಎಸ್ ಅನ್ನು ಮೂರು ಸಲ ಬರೆದವಳು. ಎರಡು ಸಲ ಅರ್ಧ ಅಂಕಕ್ಕೆ ಹೋಯಿತು. "ನಮ್ಮದರಲ್ಲಿ ಓದಿದ್ರೆ ಪಾಸಾಗೋಕೆ ದಾರಿ ಇತ್ತು, ಪಾಪ ಅವರಿಗೆ ಅದೂ ಇರ್ಲಿಲ್ಲ" ಅಂದಳು.

ಮಧ್ಯಾಹ್ನ ಲಿಟಲ್ ಬರ್ಕ್ ಬೀದಿಯ ಚೈನಾಟೌನ್‌ನಲ್ಲಿ ನೂಡಲ್ಸ್ ತಿಂದು, ಸ್ಪ್ರಿಂಗ್ ಬೀದಿಯ ಸಂಸತ್ ಭವನ ನೋಡಿಕೊಂಡು, ಉತ್ತರಕ್ಕೆ ನಡೆದೆವು. ವಿಕ್ಟೋರಿಯಾ ಮತ್ತು ರಸೆಲ್ ಬೀದಿಗಳು ಸೇರುವಲ್ಲಿ ಒಂದು ಎತ್ತರದ ಕಲ್ಲಿನ ಕಂಬ, ತುದಿಯಲ್ಲಿ ಒಂದು ಗೋಳ. ಅದರ ಮೇಲೆ 888 ಎಂಬ ಅಂಕಿ. "ಇದೇನು, ಯಾರದಾದ್ರೂ ಗಾಡಿ ನಂಬರ್ರಾ?" ಅಂತ ನಾನು ತಮಾಷೆ ಮಾಡಿದೆ. ಫಲಕ ಓದಿದ ಮೇಲೆ ಸುಮ್ಮನಾದೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಮ್ಮದೇ ಆದ ಹೊತ್ತು.

ಬೆಳಗಿನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಆಗ ಕಟ್ಟಡ ಕೆಲಸ ಅಂದರೆ ದಿನಕ್ಕೆ 10 ಗಂಟೆ, ವಾರಕ್ಕೆ ಆರು ದಿನ. 1855ರಲ್ಲಿ ನಮ್ಮ ಸಿಡ್ನಿಯ ರಾಕ್ಸ್ ಪ್ರದೇಶದಲ್ಲಿ ಚರ್ಚು ಕಟ್ಟುತ್ತಿದ್ದ ಕಲ್ಲುಕುಟಿಗರು ಮೊದಲು ಎಂಟು ಗಂಟೆ ಗೆದ್ದರು. ಆ ವರ್ಷದ ಅಕ್ಟೋಬರ್ 1ರಂದು ಗೆಲುವಿನ ಊಟ ಹಾಕಿಸಿಕೊಂಡರು. ಮರುವರ್ಷ, 1856ರ ಏಪ್ರಿಲ್ 21ರಂದು, ಮೆಲ್ಬರ್ನ್ ವಿಶ್ವವಿದ್ಯಾಲಯದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಕಲ್ಲುಕುಟಿಗರು ಜೇಮ್ಸ್ ಸ್ಟೀಫನ್ಸ್ ಎಂಬ ಮುಂದಾಳಿನ ಜೊತೆ ಉಳಿ ಸುತ್ತಿಗೆ ಕೆಳಗಿಟ್ಟು ಸಂಸತ್ ಭವನದ ಕಡೆಗೆ ಮೆರವಣಿಗೆ ಹೊರಟರು. ದಾರಿಯಲ್ಲಿ ಬೇರೆ ಕಟ್ಟಡದವರನ್ನೂ ಕರೆದುಕೊಂಡರು. ಸಂಬಳ ಕಡಿಮೆಯಾಗದೆ ಎಂಟು ಗಂಟೆಯ ದಿನ ಅವರ ಕೈಗೆ ಬಂತು. ಸಿಡ್ನಿಯದು ಅಕ್ಟೋಬರ್ ನೆನಪು. ಮೆಲ್ಬರ್ನಿನದು ಏಪ್ರಿಲ್‌ನಲ್ಲಿದ್ದು ಮುಂದೆ ಮಾರ್ಚ್‌ಗೆ ಸರಿಯಿತು. ಗೆದ್ದ ದಿನ ಬೇರೆ ಬೇರೆ, ಹಾಗಾಗಿ ರಜೆಯೂ ಬೇರೆ ಬೇರೆ.

ಯಾಕೆ ಗೆದ್ದರು ಅನ್ನುವುದೂ ಮುಖ್ಯ. ಜನರೆಲ್ಲ ಚಿನ್ನದ ಹಿಂದೆ ಹೋಗಿದ್ದರಿಂದ ಊರಲ್ಲಿ ಕೆಲಸ ಬಲ್ಲವರ ಬರ ಇತ್ತು. ಕಟ್ಟಡ ನಿಲ್ಲುವಂತಿಲ್ಲ. ಆ ಹೊತ್ತನ್ನು ಅವರು ಒಟ್ಟಾಗಿ ಬಳಸಿಕೊಂಡರು. ಉಳಿದ ಹೊತ್ತಲ್ಲಿ ಓದಬೇಕು, ಮನೆಯವರ ಜೊತೆ ಇರಬೇಕು ಅಂತ ಬಾಯಿಬಿಟ್ಟು ಕೇಳಿದರು.

ನನಗೆ ನೆನಪಾದದ್ದು ಅಪ್ಪ. ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿದ್ದರು. ಸೈರನ್ ಕೂಗಿದರೆ ಪಾಳಿ ಮುಗಿಯಿತು ಅಂತ ನಾವು ಬೀದಿ ತುದಿಗೆ ಓಡುತ್ತಿದ್ದೆವು. ಸಂಜೆ ಅಪ್ಪ ನನ್ನನ್ನು ವಾಚನಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆ ಸಂಜೆಯೂ ತಾನಾಗೇ ಬಂದದ್ದಲ್ಲ. 1934ರ ಕಾಯ್ದೆಯಲ್ಲಿ ಕಾರ್ಖಾನೆಯ ವಾರ 54 ಗಂಟೆಯದ್ದು. ಡಾ. ಬಿ.ಆರ್. ಅಂಬೇಡ್ಕರ್ ಅವರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಕಾಲದಲ್ಲಿ ಅದು 48ಕ್ಕೆ ಇಳಿಯಿತು, 1948ರ ಕಾರ್ಖಾನೆ ಕಾಯ್ದೆಯಲ್ಲಿ ಉಳಿಯಿತು. ನಮ್ಮ ಕರ್ನಾಟಕದಲ್ಲೇ 2023ರಲ್ಲಿ ಆ ಕಾಯ್ದೆ ತಿದ್ದಿ, ವಾರದ 48 ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ಕೊಟ್ಟರು. ಗೆದ್ದದ್ದು ಗೆದ್ದ ಹಾಗೇ ಉಳಿಯುತ್ತೆ ಅಂತೇನಿಲ್ಲ.

ಸ್ಮಾರಕದ ಎದುರಿಗೇ ಕಾರ್ಮಿಕ ಸಂಘಗಳ ಟ್ರೇಡ್ಸ್ ಹಾಲ್. ಹೆಂಡತಿ ಕೇಳಿದಳು, "ಈ ಎಂಟು ಗಂಟೆ ಹೆಂಗಸರಿಗೂ ಇತ್ತಾ?" ಇರಲಿಲ್ಲ. ಹೊಲಿಗೆ ಹೆಂಗಸರು ತುಂಡಿಗೆ ಇಷ್ಟು ಅಂತ ಕೂಲಿಗೆ, ಉಳಿದ ಬಟ್ಟೆಯನ್ನು ಮನೆಗೂ ಒಯ್ದು ರಾತ್ರಿಯೆಲ್ಲ ಹೊಲಿಯುತ್ತಿದ್ದರು. ಕೂಲಿ ಇಳಿಸಿದಾಗ 1882ರ ಡಿಸೆಂಬರ್‌ನಲ್ಲಿ ಮುಷ್ಕರ ಹೂಡಿ ತಮ್ಮದೇ ಸಂಘ ಕಟ್ಟಿದರು. ಇದನ್ನು ಕೇಳಿ ಅವಳು ತನ್ನ ಅಮ್ಮನ ಮಾತು ತೆಗೆದಳು. ಅವಳ ಅಮ್ಮ ಬಂಟ್ವಾಳದ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಸಾವಿರಕ್ಕೆ ಇಷ್ಟು ಅಂತ ಕೂಲಿ. "ಅಮ್ಮನಿಗೆ ಗಂಟೆಯ ಲೆಕ್ಕವೇ ಇರಲಿಲ್ಲ. ಸೂಪಿನ ಎಲೆ ಮುಗಿದಾಗ ದಿನ ಮುಗೀತು" ಅಂದಳು.

ಚೀನೀಯರಿಗೂ ಇರಲಿಲ್ಲ ಈ ಸ್ಮಾರಕದಲ್ಲಿ ಪಾಲು. 1896ರ ಕಾಯ್ದೆಯಂತೆ ಮೇಜು ಕುರ್ಚಿಗಳ ಮೇಲೆ ಮಾಡಿದವರು ಯುರೋಪಿಯನ್ನರೋ ಚೀನೀಯರೋ ಅಂತ ಮುದ್ರೆ ಒತ್ತಬೇಕಾಗಿತ್ತು. ಎಂಟು ಗಂಟೆಗಾಗಿ ಹೋರಾಡಿದ ಸಂಘಗಳೇ ಬಿಳಿಯರ ದೇಶದ ನೀತಿಯನ್ನೂ ಬೆಂಬಲಿಸಿದವು. ಅಂದರೆ ಈ ಕಂಬ ನಿಲ್ಲಿಸಿದವರಲ್ಲಿ ಎಷ್ಟೋ ಜನ ನಮ್ಮಿಬ್ಬರನ್ನು ಬಂದರಿನಲ್ಲಿ ಇಳಿಯಲೂ ಬಿಡುತ್ತಿರಲಿಲ್ಲ. ಆದರೂ ಇವತ್ತು ನಮಗೆ ಸಿಕ್ಕ ರಜೆ ಅವರು ಗೆದ್ದದ್ದೇ. ಎರಡೂ ನಿಜ, ಒಂದನ್ನು ಮರೆತು ಇನ್ನೊಂದನ್ನು ಹೇಳಿದರೆ ಸುಳ್ಳಾಗುತ್ತೆ.

ಇಲ್ಲಿ ನನ್ನದೊಂದು ವಿಷಯ ಹೇಳಲೇಬೇಕು. ಈ ದೇಶಕ್ಕೆ ಬಂದ ಮೊದಲ ವರ್ಷ ಒಂದು ಕಡೆ ದಿನಕ್ಕೆ 11 ಗಂಟೆ ದುಡಿದು 8 ಗಂಟೆಯ ಸಂಬಳ ಕೈಯಲ್ಲಿ ಪಡೆದೆ. ವೀಸಾಕ್ಕೆ ತೊಂದರೆಯಾದರೆ ಅಂತ ಬಾಯಿ ಮುಚ್ಚಿಕೊಂಡೆ. ಜೊತೆಗಿದ್ದ ನೇಪಾಳದ ಹುಡುಗನಿಗೂ "ಸುಮ್ನಿರು" ಅಂತ ನಾನೇ ಹೇಳಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತೆ. ಕಾನೂನು ವೀಸಾ ನೋಡಿ ಗಂಟೆ ಎಣಿಸುವುದಿಲ್ಲ ಅಂತ ಆಮೇಲೆ ತಿಳಿಯಿತು. 1948ರಿಂದ ಇಲ್ಲಿ ವಾರಕ್ಕೆ 40 ಗಂಟೆ. ಈಗ 2009ರ ಫೇರ್ ವರ್ಕ್ ಕಾಯ್ದೆಯಂತೆ ಪೂರ್ಣಾವಧಿಗೆ 38 ಗಂಟೆ, ಹೆಚ್ಚಿನದು ನ್ಯಾಯವಾಗಿದ್ದರೆ ಮಾತ್ರ. ಬೇಕೆಂತಲೇ ಸಂಬಳ ತಿನ್ನುವುದು 2025ರ ಜನವರಿಯಿಂದ ದೇಶದಾದ್ಯಂತ ಅಪರಾಧ. ಹೊಸದಾಗಿ ಬಂದ ನಮ್ಮ ಹುಡುಗರಿಗೆ ಯಾವ ಅಂಗಡಿಯಲ್ಲಿ ಸೋನಾ ಮಸೂರಿ ಸಿಗುತ್ತೆ ಅಂತ ಹೇಳುವಾಗ ಇದನ್ನೂ ಹೇಳೋಣ.

ಕೊನೆಗೆ ವಿಶ್ವವಿದ್ಯಾಲಯದ ಹಳೆಯ ಚೌಕಕ್ಕೆ ಹೋದೆವು. ಅಂದು ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಎದ್ದು ಹೊರಟ ಕಟ್ಟಡ ಅದೇ. ವಿದ್ಯಾರ್ಥಿಗಳು ಹುಲ್ಲಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಅವಳು ಕಮಾನಿನ ಕಲ್ಲನ್ನು ಮುಟ್ಟಿ ನೋಡಿದಳು. ಅಲ್ಲೇ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ಮನೆ ಸಾಲ, ಊರಲ್ಲಿ ಅಮ್ಮನ ಮಂಡಿನೋವು, ಮಗು ಬೇಕಾ ಈಗಲೇ ಅನ್ನುವುದು. ಫ್ರಿಜ್ಜಿನ ಚೀಟಿಯಲ್ಲಿ ಬರೆಯಲಾಗದ ಮಾತುಗಳು.

"ನಮ್ಮ ಮೂರನೇ ಎಂಟು ಎಲ್ಲಿ ಹೋಗ್ತಿದೆ?" ಅಂತ ಕೇಳಿದಳು. ಲೆಕ್ಕ ಹಾಕಿದೆವು. ನನಗೆ ಓವರ್‌ಟೈಮ್‌ಗೆ, ಅವಳಿಗೆ ಎರಡು ಬಸ್ಸಿನ ಪ್ರಯಾಣಕ್ಕೆ. ಓವರ್‌ಟೈಮ್ ಬೇಡ ಅಂದರೆ ಸಾಲ ಎರಡು ವರ್ಷ ಮುಂದೆ ಹೋಗುತ್ತೆ. ಹೋಗಲಿ ಅಂದುಕೊಂಡೆವು.

ಸಂಜೆ ಮತ್ತೆ ನದಿ ದಂಡೆಗೆ ಬಂದು, ಬ್ಯಾಗಿನಲ್ಲಿದ್ದ ಚಪಾತಿ ತಿಂದು ರೈಲು ಹತ್ತಿದೆವು. ಮಾರನೇ ವಾರ ಮ್ಯಾನೇಜರ್ ಹತ್ತಿರ ಹೋಗಿ ಬೆಳಗಿನ ಪಾಳಿ ಕೇಳಿದೆ. ಮೂರು ತಿಂಗಳು ಕಾಯಲು ಹೇಳಿದ್ದಾರೆ. ಕಾಯುತ್ತಿದ್ದೇನೆ. ನೀವು ಮೆಲ್ಬರ್ನ್‌ಗೆ ಹೋದರೆ ನದಿ, ಟ್ರಾಮ್, ಕಾಫಿ ಎಲ್ಲ ನೋಡಿ. ಹಾಗೇ ರಸೆಲ್ ಬೀದಿಯ ಆ ಕಂಬದ ಹತ್ತಿರವೂ ಐದು ನಿಮಿಷ ನಿಲ್ಲಿ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ.