ನಮ್ಮ ಸೀಮೆಯಲ್ಲಿ ಕ್ರಿಸ್ತೀಯರ ನಡೆಯೂ ಅವರ ಮತದ ಹೆಸರೂ

ಧರ್ಮಕ್ಕೆ ಪ್ರಮಾಣಗಳನ್ನು ಎಣಿಸುವಾಗ ನಮ್ಮ ಧರ್ಮಶಾಸ್ತ್ರಕಾರರು ಶ್ರುತಿಸ್ಮೃತಿಗಳ ತರುವಾಯ ಸದಾಚಾರವನ್ನು ಹೇಳಿರುವರು. ಗ್ರಂಥವನ್ನು ಓದಲರಿಯದವನಿಗೆ ಸತ್ಪುರುಷರ ನಡೆಯೇ ಗ್ರಂಥವೆಂಬುದು ಇದರ ತಾತ್ಪರ್ಯವು. ಕೂಡಲಸಂಗಮವನ್ನು ಮಡಿಲಲ್ಲಿಟ್ಟುಕೊಂಡ ಹುನಗುಂದದ ಸೀಮೆಯವರು ಈ ಮಾತನ್ನು ಸಂಸ್ಕೃತದಿಂದ ಕಲಿಯಬೇಕಾದ ಕಾರಣವೂ ಇಲ್ಲ. ನುಡಿಯೊಂದು ನಡೆಯೊಂದಾದವನನ್ನು ಇಲ್ಲಿಯ ಒಕ್ಕಲಿಗನೂ ನೇಕಾರನೂ ಶರಣರ ಕಾಲದಿಂದ ಗುರುತಿಸುತ್ತ ಬಂದಿರುವರು. ಇಂಥ ಒರೆಗಲ್ಲನ್ನು ಕೈಯಲ್ಲಿ ಹಿಡಿದ ಜನರ ನಡುವೆ ಕ್ರಿಸ್ತಮತವು ಬಂದು ನೆಲೆಸಿದಾಗ ಅದರ ಹೆಸರು ಯಾವುದರಿಂದ ಏರಿತು, ಯಾವುದರಿಂದ ಇಳಿಯಿತು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯವಾಗಿದೆ.

ಇಳಕಲ್ಲಿಗೆ ಪೂರ್ವದಲ್ಲಿರುವ ಮುದಗಲ್ಲಿನ ರೋಮನ್ ಕ್ಯಾಥೊಲಿಕ್ ದೇವಾಲಯವು 1557ಕ್ಕಿಂತ ಮುಂಚಿನದೆಂದು ಸರಕಾರದ ಗ್ಯಾಝೆಟಿಯರಿನಲ್ಲಿ ಬರೆದಿದೆ. ಆದ್ದರಿಂದ ಈ ಮತವು ಇಂಗ್ಲಿಷರ ಬೆನ್ನು ಹತ್ತಿಯೇ ನಮ್ಮ ಕಡೆಗೆ ಬಂತೆಂಬ ತಿಳಿವಳಿಕೆಯು ಸರಿಯಲ್ಲ. ಆದರೂ ಬಾಗಲಕೋಟೆ ಬಾದಾಮಿಗಳ ಜನರು ಕ್ರಿಸ್ತೀಯರನ್ನು ನಿತ್ಯವೂ ಕಾಣತೊಡಗಿದ್ದು ಪೇಶವಾಯಿಯು ಮುಗಿದ ಮೇಲೆಯೇ. ಆಗ ಅವರಿಗೆ ಕಂಡದ್ದು ಒಂದು ಮುಖವಲ್ಲ, ಎರಡು. 1818ರ ತರುವಾಯ ಕಲಾದಗಿಯು ದಂಡಿನ ಠಾಣೆಯಾಗಿ, ಅಲ್ಲಿ ಸರಕಾರದ ಫೌಜೂ ಅದರ ಬಿಳಿಯ ಅಧಿಕಾರಿಗಳೂ ಬೀಡುಬಿಟ್ಟರು. 1851ರಲ್ಲಿ ಖಣದ ನೇಯ್ಗೆಗೆ ಹೆಸರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ನಿನವರು ತಮ್ಮ ಠಾಣೆಯನ್ನು ತೆರೆದರು. ಮುಂದೆ ಆರೇ ವರ್ಷಗಳಲ್ಲಿ, ಅಂದರೆ 1857ರ ನವೆಂಬರದಲ್ಲಿ, ಆಯುಧಗಳನ್ನು ಒಪ್ಪಿಸಲೊಲ್ಲದ ಹಲಗಲಿಯ ಬೇಡರ ಮೇಲೆ ಸರಕಾರದ ದಂಡು ಬಿದ್ದು ಊರನ್ನು ಸುಟ್ಟಿತು. ಡಿಸೆಂಬರದಲ್ಲಿ 19 ಜನರನ್ನು ಗಲ್ಲಿಗೇರಿಸಿತು. ಈ ಪ್ರಸಂಗದ ಲಾವಣಿಯನ್ನು ಫ್ಲೀಟ ಸಾಹೇಬರು ಸಂಗ್ರಹಿಸಿ ಅಚ್ಚು ಮಾಡಿಸಿರುವರು. ಪ್ರೀತಿಯೇ ದೇವರೆಂದು ಗುಳೇದಗುಡ್ಡದ ಸಂತೆಯಲ್ಲಿ ಹೇಳುವ ಪಾದ್ರಿಗೂ ಹಲಗಲಿಗೆ ಬೆಂಕಿಯಿಡಿಸಿದ ಸರದಾರನಿಗೂ ಸಂಬಂಧವಿರಲಿಲ್ಲ. ಒಬ್ಬನು ಜರ್ಮನ್ ಅಥವಾ ಸ್ವಿಸ್ ದೇಶದವನು, ಇನ್ನೊಬ್ಬನು ಇಂಗ್ಲಿಷನು. ಆದರೆ ಈ ಭೇದವನ್ನು ಜೋಳದ ಹೊಲದಲ್ಲಿ ನಿಂತು ನೋಡಿದವನು ಹೇಗೆ ತಿಳಿದಾನು? ಬಣ್ಣವೊಂದೇ, ಟೊಪ್ಪಿಗೆಯೊಂದೇ, ದೇವರೂ ಒಂದೇ.

ಈ ತೊಡಕನ್ನು ಹಲಗಲಿಯ ಪ್ರಸಂಗಕ್ಕೆ ಬಹಳ ಮುಂಚೆಯೇ ಬರೆದಿಟ್ಟವನು ಮೈಸೂರು ಸೀಮೆಯಲ್ಲಿ ಬಾಳಿದ ಫ್ರೆಂಚ್ ಪಾದ್ರಿಯಾದ ಅಬ್ಬೆ ದುಬಾಯಿಯು. ಶ್ರೀರಂಗಪಟ್ಟಣವು ಬಿದ್ದ 1799ರಿಂದ 1823ರ ವರೆಗೆ ಆತನು ಆ ಸೀಮೆಯಲ್ಲಿದ್ದು, ಈ ದೇಶದ ಉಡುಪನ್ನು ಧರಿಸಿ, ಇಲ್ಲಿಯವರ ಊಟೋಪಚಾರದ ರೀತಿಗಳನ್ನು ಅನುಸರಿಸಿ, ಸಿಡುಬಿನ ಲಸಿಕೆಯು ಹಬ್ಬುವಂತೆ ಶ್ರಮಿಸಿದನು. ಇಷ್ಟಾದರೂ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಹಿಂದುಗಳು ಈ ಮತವನ್ನು ಸ್ವೀಕರಿಸುವ ಆಶೆಯು ತನಗೆ ಉಳಿದಿಲ್ಲವೆಂದು ಬರೆದನು. ಯುರೋಪೀಯರ ಅಡ್ಡಾದಿಡ್ಡಿಯ ನಡತೆಯನ್ನು ಅದರ ಕಾರಣಗಳಲ್ಲಿ ಒಂದಾಗಿ ಎಣಿಸಿದನು. ಅವನ ಮಾತನ್ನು ಬೇರೆ ಮಿಶನರಿಗಳು ಮರುವರ್ಷವೇ ಖಂಡಿಸಿ ಬರೆದರು. ನನಗೆ ತೋರುವ ಮಟ್ಟಿಗೆ, ಖಂಡಿಸಿದವರ ತರ್ಕವು ಗಟ್ಟಿಯಾದದ್ದು, ದುಬಾಯಿಯ ಅನುಭವವು ದೊಡ್ಡದು.

ಇನ್ನು ನಮ್ಮವರೇ ಆದ ಕ್ರಿಸ್ತೀಯರ ಸಂಗತಿ. ಹೆಸರಿನ ಭಾರವೆಲ್ಲ ಬಿದ್ದದ್ದು ಇವರ ಮೇಲೆ. ಪರದೇಶದ ಪಾದ್ರಿಯು ಬಂಗಲೆಯಲ್ಲಿರುವನು, ಹತ್ತು ವರ್ಷಕ್ಕೆ ಊರಿಗೆ ಹೋಗುವನು. ಅವನ ಮಾತನ್ನು ಕೇಳಿ ದೀಕ್ಷಾಸ್ನಾನವನ್ನು ಹೊಂದಿದ ನೇಕಾರನಾದರೋ ಅದೇ ಓಣಿಯಲ್ಲಿ, ಅದೇ ಮಗ್ಗದ ಕುಣಿಯಲ್ಲಿ, ಅದೇ ನೆರೆಹೊರೆಯವರ ಕಣ್ಣೆದುರಿಗೆ ಬಾಳಬೇಕು. 1850ರ 21ನೆಯ ಕಾಯಿದೆಯು ಮತವನ್ನು ಬಿಟ್ಟವನಿಗೂ ಪಿತ್ರಾರ್ಜಿತದ ಹಕ್ಕನ್ನು ಉಳಿಸಿತ್ತು. ಆದರೆ ಬಾವಿಯ ನೀರು, ಬೀಗರ ಪಂಕ್ತಿ, ಸಾವಿನಲ್ಲಿ ಹೆಗಲು, ಇವುಗಳನ್ನು ಯಾವ ಕಾಯಿದೆಯೂ ಕೊಡಿಸಲಾರದು. ಅಂಥವನು ಅಳತೆಯಲ್ಲಿ ಒಂದು ಗೇಣು ಕಡಿಮೆ ಮಾಡಿದರೆ, ಅಥವಾ ಸಂತೆಯ ದಿನ ಸೆರೆಯ ಅಂಗಡಿಯಿಂದ ಹೊರಬರುವದನ್ನು ನಾಲ್ಕು ಜನರು ಕಂಡರೆ, ಅದು ಅವನೊಬ್ಬನ ತಪ್ಪಾಗಿ ಉಳಿಯುತ್ತಿರಲಿಲ್ಲ.

ಇಲ್ಲಿ ನಾವು ಎರಡು ಕೊಳಗಗಳಿಂದ ಅಳೆದಿರುವೆವೆಂಬುದನ್ನು ಮುಚ್ಚುವದು ಸಲ್ಲದು. ಕ್ರಿಸ್ತೀಯನು ತಪ್ಪಿದರೆ "ಅವರ ಮತವೇ ಹಾಗೆ" ಎಂದೆವು. ಒಳ್ಳೆಯದನ್ನು ಮಾಡಿದರೆ "ಎಷ್ಟಾದರೂ ಮೂಲತಃ ನಮ್ಮವನಲ್ಲವೇ" ಎಂದೆವು. ನನ್ನೊಡನೆ ಹಲವು ವರ್ಷ ಕೆಲಸ ಮಾಡಿದ ಒಬ್ಬ ಕ್ರಿಸ್ತೀಯ ಮಾಸ್ತರರು ಹುಡುಗರ ಮೇಲೆ ಎಂದೂ ಕೈಯೆತ್ತುತ್ತಿರಲಿಲ್ಲ. ಇದು ಸ್ವಭಾವವೋ ವ್ರತವೋ ಎಂದು ನಾನೊಮ್ಮೆ ಕೇಳಿದಾಗ ಅವರು ನಕ್ಕು, "ನೀವು ಸಿಟ್ಟಾದ್ರ 'ಮಾಸ್ತರು ಸಿಟ್ಟಾದ್ರು' ಅಂತಾರ, ಆಚಾರ್ಯರ. ನಾ ಸಿಟ್ಟಾದ್ರ 'ಯೇಸುಸ್ವಾಮಿ ಕಲಿಸಿದ್ದು ಇದೇ ಏನು' ಅಂತಾರ" ಎಂದರು. ಬಹುಸಂಖ್ಯರಾದವರಿಗೆ ಈ ಕಾವಲು ಇಲ್ಲ. ನಮ್ಮಲ್ಲಿಯ ಲಂಚಕೋರನಿಂದ ಯಾರೂ ಉಪನಿಷತ್ತುಗಳ ಬೆಲೆ ಕಟ್ಟುವದಿಲ್ಲ.

ಎರಡು ವಿಷಯಗಳಲ್ಲಿ ಮಾತ್ರ ಜನರ ಆಕ್ಷೇಪಣೆಗೆ ಆಧಾರವಿತ್ತು. ಮೊದಲನೆಯದು ಬರಗಾಲದ ಪ್ರಶ್ನೆ. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯು ಹಾಳು ಸುರಿಯಿತು. 1872 ಮತ್ತು 1881ರ ಖಾನೇಸುಮಾರಿಗಳನ್ನು ಹೋಲಿಸಿದರೆ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದದ್ದು ಕಾಣುವದು. ಆಗ ಮಿಶನ್ನಿನವರು ತಬ್ಬಲಿ ಮಕ್ಕಳನ್ನು ತಂದು ಸಾಕಿದರು, ಸಾಕಿದವರನ್ನು ತಮ್ಮ ಮತದಲ್ಲಿ ಬೆಳೆಯಿಸಿದರು. ಅನ್ನಕ್ಕೆ ಮತವನ್ನು ಮಾರಿದರೆಂಬ ಮಾತು ಹುಟ್ಟಿದ್ದು ಇಂಥದರಿಂದಲೇ. ಹಸಿದವನಿಗೆ ಅನ್ನದೊಡನೆ ಮತವನ್ನೂ ಬಡಿಸುವದು ಶುದ್ಧವಾದ ದಾನವಲ್ಲವೆಂದು ನಾನೂ ಎಣಿಸುವೆನು. ಆದರೆ ಆ ವರ್ಷಗಳಲ್ಲಿ ಹಗೇವನ್ನು ಮುಚ್ಚಿಕೊಂಡು ಕುಳಿತ ಧಾನ್ಯದ ವ್ಯಾಪಾರಿಯು ಯಾವ ಮತದವನಾಗಿದ್ದನೆಂದು ಯಾರೂ ಕೇಳಲಿಲ್ಲ. ನಾಲ್ಕು ವರ್ಷದ ಕೂಸಾಗಿ ಬದುಕಿ ಉಳಿದವನು ಮತ್ತೇನನ್ನು ಆರಿಸಿಕೊಳ್ಳಬಹುದಾಗಿತ್ತು? ಅವನ ಮೊಮ್ಮಕ್ಕಳ ವರೆಗೂ ಆ ಹೀಯಾಳಿಕೆಯು ಬೆನ್ನು ಬಿಡಲಿಲ್ಲ.

ಎರಡನೆಯದು ಜಾತಿಯ ಪ್ರಶ್ನೆ. ಬಾಸೆಲ್ ಮಿಶನ್ನಿನವರು ಜಾತಿಯನ್ನು ಬಿಟ್ಟೇ ಸಭೆಗೆ ಬರಬೇಕೆಂದು ಕಟ್ಟುನಿಟ್ಟಾಗಿ ವಿಧಿಸಿದ್ದರು. ಹೊಲೆಯರ ಕೇರಿಯಿಂದ ಬಂದವನೂ ನೇಕಾರರ ಓಣಿಯಿಂದ ಬಂದವನೂ ಒಂದೇ ಪಂಕ್ತಿಯಲ್ಲಿ ಪ್ರಭುಭೋಜನವನ್ನು ತೆಗೆದುಕೊಂಡದ್ದು ನಮ್ಮ ಸೀಮೆಯಲ್ಲಿ ಶರಣರ ಕಾಲದ ನೆನಪನ್ನು ಎಬ್ಬಿಸತಕ್ಕ ಸಂಗತಿಯು. ಅದೇ ಜನರು ಬೀಗತನದ ಮಾತು ಬಂದಾಗ ಹಳೆಯ ಕುಲವನ್ನು ಮೆಲ್ಲಗೆ ವಿಚಾರಿಸಿದರೆ, ನೋಡುವವನು ಯಾವುದನ್ನು ಅವರ ಮತವೆಂದು ತಿಳಿಯಬೇಕು? ಬಸವಣ್ಣನವರ ಹೆಸರಿನಲ್ಲಿ ಒಳಪಂಗಡಗಳನ್ನೆಣಿಸುವ ನಮಗೆ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಬಾಯಿಲ್ಲ.

ಕಿಟೆಲರ ಉದಾಹರಣೆಯು ಬೇರೆ ತರಹದ್ದು. 1853ರಲ್ಲಿ ಈ ದೇಶಕ್ಕೆ ಬಂದು ಧಾರವಾಡದ ಕಡೆಯಲ್ಲಿ ಕೆಲಸವನ್ನಾರಂಭಿಸಿದ ಆ ತರುಣನು ಕಾಲ್ನಡಿಗೆಯಿಂದ ಹಳ್ಳಿಗಳನ್ನು ತಿರುಗಿ, ಈ ಜನರಂತೆಯೇ ಬಾಳಲು ಯತ್ನಿಸಿದ್ದು ಅವರ ಹಿರಿಯರಿಗೆ ಸೇರಲಿಲ್ಲ. ಮುಂದೆ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದಸ್ಸನ್ನು 1875ರಲ್ಲಿಯೂ ಅಚ್ಚು ಮಾಡಿಸಿದರು. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಿತ್ತು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಾನು ಆ ನಿಘಂಟನ್ನು ಮೊದಲು ತೆರೆದಾಗ, ನಮ್ಮ ಹಳ್ಳಿಯ ಮಾತುಗಳಿಗೂ ಪಂಪನ ಮಾತುಗಳಿಗೂ ಒಂದೇ ಗೌರವವು ಸಂದುದನ್ನು ಕಂಡು ಬೆರಗಾದೆನು. ಅವರು ಬೋಧಿಸಿದ ಮತವನ್ನು ಒಪ್ಪದ ಮನೆಗಳಲ್ಲಿಯೂ ಅವರ ನಿಘಂಟು ಪೂಜ್ಯ ಗ್ರಂಥಗಳ ಮಗ್ಗುಲಲ್ಲಿ ಕುಳಿತಿತು. ಹಂಚಿದ ಕರಪತ್ರಗಳಿಂದ ಆಗದ ಕೆಲಸವು, ಮತದ ಮಾತನ್ನೇ ಎತ್ತದ ಈ ದುಡಿಮೆಯಿಂದ ಆಯಿತು.

1914ರಲ್ಲಿ ಯುರೋಪಿನ ಮಹಾಯುದ್ಧವು ಹೊತ್ತಿಕೊಂಡಾಗ ಇಂಗ್ಲಿಷ್ ಸರಕಾರವು ಜರ್ಮನ್ ಮಿಶನರಿಗಳನ್ನು ಬಂಧಿಸಿ, ಮುಂದೆ ದೇಶದಿಂದ ಕಳಿಸಿಬಿಟ್ಟಿತು. ಕ್ರಿಸ್ತೀಯರನ್ನು ಕ್ರಿಸ್ತೀಯರೇ ಸೆರೆಯಲ್ಲಿಟ್ಟ ಈ ವಿಚಿತ್ರವನ್ನು ಗುಳೇದಗುಡ್ಡದ ನೇಕಾರನು ತನ್ನ ನೆರೆಯವರಿಗೆ ಹೇಗೆ ವಿವರಿಸಿದನೋ! ಆದರೂ ಆ ಮೇಲೆ ಸಭೆಗಳು ಮುಚ್ಚಲಿಲ್ಲ. ಊರವರೇ ಆದ ಉಪದೇಶಿಗಳು, ಮಾಸ್ತರರು, ದಾದಿಯರು ಅವುಗಳನ್ನು ಹಿಡಿದುಕೊಂಡು ನಡೆದರು. ಇವರ ಹೆಸರುಗಳು ಯಾವ ಗ್ಯಾಝೆಟಿಯರಿನಲ್ಲಿಯೂ ಬರಲಿಲ್ಲ. ಬಾಸೆಲ್ ಮಿಶನ್ನಿನವರು 20ನೆಯ ಶತಮಾನದ ಆರಂಭದಲ್ಲಿ ಗದಗ-ಬೆಟಗೇರಿಯಲ್ಲಿ ಸ್ಥಾಪಿಸಿದ ಆಸ್ಪತ್ರೆಗೆ ಬಾದಾಮಿ ಹುನಗುಂದಗಳ ಕಡೆಯಿಂದಲೂ ರೋಗಿಗಳು ಚಕ್ಕಡಿಗಳಲ್ಲಿ ಹೋಗುತ್ತಿದ್ದರು. ಜರ್ಮನರು ಹೋಗಿ ಎಷ್ಟೋ ಕಾಲವಾಗಿದೆ. ಅದರ ಆಡಳಿತವು ಈಗ ದಕ್ಷಿಣ ಭಾರತ ಸಭೆಯದು. ಹಿರಿಯರು ಇನ್ನೂ ಅದನ್ನು ಜರ್ಮನ್ ಆಸ್ಪತ್ರೆ ಎಂದೇ ಕರೆಯುವರು.