ಸಿಪಾಯಿಯ ಬೆನ್ನುಚೀಲವು

ಎರಡು ಹೊಳೆಗಳ ನಡುವಣ ನಮ್ಮ ಎಡೆದೊರೆನಾಡು ಪ್ರಾಚೀನಕಾಲದಿಂದಲೂ ಸೇನೆಗಳ ಹಾದಿಯಾಗಿದ್ದಿತೆಂಬುದು ವಾಚಕರಿಗೆ ವಿದಿತವಾದ ವಿಷಯವೇ ಆಗಿದೆ. ಅಶೋಕನ ಹೆಸರನ್ನೇ ಹೇಳುವ ಶಾಸನವು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ದೊರೆಯಿತು. ಕ್ರಿ. ಶ. 1021ರ ಸುಮಾರಿಗೆ ಚೋಳ ರಾಜೇಂದ್ರನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಸಂಗಿಯು ಇದೇ ಮಸ್ಕಿಯೆಂದು ವಿದ್ವಾಂಸರು ಗುರುತಿಸಿರುವರು. ಕಾದಿದ ಅರಸರ ಹೆಸರುಗಳು ಕಲ್ಲಿನಲ್ಲಿ ಉಳಿದವು. ಆದರೆ ಆ ಸೇನೆಗಳ ಅನ್ನವನ್ನೂ ಹಾಸಿಗೆಯನ್ನೂ ಹೊತ್ತವರಾರು, ಯಾವುದರಲ್ಲಿ ಹೊತ್ತರು ಎಂದು ಕೇಳುವವರು ವಿರಳ. ಆ ಹೊರೆಯ ಒಂದು ಅಂಗವಾದ ಸಿಪಾಯಿಯ ಬೆನ್ನುಚೀಲವನ್ನು, ಅದರ ಬೇರೆ ಬೇರೆ ರೂಪಗಳನ್ನು ಹೋಲಿಸಿ, ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಸಂಸ್ಕೃತದಲ್ಲಿ ‘ವೀವಧ’ ಎಂಬ ಶಬ್ದವೊಂದುಂಟು. ಹೆಗಲ ಮೇಲೆ ಅಡ್ಡಲಾಗಿಟ್ಟು ಎರಡು ತುದಿಗಳಿಗೂ ಹೊರೆ ತೂಗಹಾಕುವ ಅಡ್ಡೆಯೇ ಅದರ ಮೂಲಾರ್ಥವು. ಅರ್ಥಶಾಸ್ತ್ರದಲ್ಲಿ ಅದೇ ಶಬ್ದವು ಸೇನೆಗೆ ಒದಗುವ ಧಾನ್ಯಸಾಮಗ್ರಿ ಎಂಬ ಅರ್ಥವನ್ನು ಪಡೆದಿದೆ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಆ ಗ್ರಂಥದಲ್ಲಿ ಕೌಟಿಲ್ಯನು ದಂಡಯಾತ್ರೆಯ ವಿಧಿಯನ್ನು ಹೇಳುತ್ತ, ಬೇಕಾದ ಆಹಾರವನ್ನು ಲೆಕ್ಕಮಾಡಿ ಇಮ್ಮಡಿಯಾಗಿ ಒಯ್ಯಬೇಕೆಂದೂ, ಒಯ್ಯುವ ಶಕ್ತಿ ಸಾಲದಿದ್ದರೆ ಸೈನಿಕರ ಮೇಲೆ ಹೊರಿಸಬೇಕೆಂದೂ, ಇಲ್ಲವೆ ದಾರಿಯ ಎಡೆಗಳಲ್ಲಿ ಕೂಡಿಡಬೇಕೆಂದೂ ವಿಧಿಸಿರುವನು. ಇಲ್ಲಿಯ ಕ್ರಮವನ್ನು ಗಮನಿಸತಕ್ಕದ್ದು. ಸೈನಿಕನ ಬೆನ್ನು ಮೊದಲನೆಯ ಉಪಾಯವಲ್ಲ. ವಾಹನವು ಸಾಲದಾದಾಗಿನ ಉಪಾಯವು.

ನಮ್ಮ ನಾಡಿನಲ್ಲಿ ಬಹುಕಾಲ ಈ ಕ್ರಮವೇ ನಡೆದು ಬಂದಿತು. ಎಡದಂಡೆಯ ಕಾಲುವೆಯಿಂದ ತುಂಗಭದ್ರೆಯ ನೀರು ಬರುವುದಕ್ಕೆ ಮುಂಚೆ ಸಿಂಧನೂರ ಸೀಮೆಯ ಎರೆನೆಲವು ಬೇಸಿಗೆಯಲ್ಲಿ ಬಿರಿದು, ಮಳೆಯಲ್ಲಿ ಗಾಲಿಗಳನ್ನು ನುಂಗುವಂತಹದಾಗಿದ್ದಿತು. ಇಂಥ ನೆಲದಲ್ಲಿ ಬಂಡಿಗಿಂತ ಹೇರೆತ್ತೇ ಲೇಸು. ಎತ್ತಿನ ಬೆನ್ನಿಗೆ ಇಕ್ಕೆಲದಲ್ಲಿಯೂ ಸಮಭಾರವಾಗಿ ಬೀಳುವ ಕಂಠಲೆಯ ಚೀಲದಲ್ಲಿ ಧಾನ್ಯ ತುಂಬಿ ಸೇನೆಗಳ ಹಿಂದೆ ನಡೆದವರು ಬಣಜಾರರು. ಲಿಂಗಸುಗೂರಿನ ಸುತ್ತಣ ತಾಂಡಾಗಳ ಲಂಬಾಣಿಗರು ಅವರ ಸಂತತಿಯವರೇ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಮೇಲೆ ದಂಡೆತ್ತಿ ಬಂದಾಗ, ಬಾಯಾರಿ ಯಾರೂ ಸಾಯಬಾರದೆಂದು ಹನ್ನೆರಡು ಸಾವಿರ ಮಂದಿಯನ್ನು ನೀರಿನ ತೊಗಲುಚೀಲಗಳೊಡನೆ ದಾರಿಯುದ್ದಕ್ಕೂ ನಿಲ್ಲಿಸಿದನೆಂದು ಪೋರ್ಚುಗೀಜರ ನೂನಿಜನು ಬರೆದಿಟ್ಟಿರುವನು. ಸಂಖ್ಯೆಯಲ್ಲಿ ಅತಿಶಯೋಕ್ತಿಯಿದ್ದರೂ ಇರಲಿ. ಹೊರೆಯನ್ನು ಹೊರುವವರು ಬೇರೆ, ಕಾದುವವರು ಬೇರೆ ಎಂಬ ಏರ್ಪಾಟು ಇದರಿಂದ ಸ್ಪಷ್ಟವಾಗುವುದು.

ಎತ್ತುಗಳು ಇಲ್ಲದಾದರೆ ಸೇನೆಯ ಗತಿಯೇನು? 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದಿದ್ದ ಕಾರ್ನ್‌ವಾಲಿಸನು ಎತ್ತುಗಳು ಮೇವಿಲ್ಲದೆ ಸತ್ತುದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಮರುವರುಷ ಅವನು ಗೆದ್ದುದಕ್ಕೆ ಬಣಜಾರರ ಧಾನ್ಯವೂ ಒಂದು ಮುಖ್ಯ ಕಾರಣವು.

ಇನ್ನು ಬೆನ್ನುಚೀಲದ ಕಥೆಗೆ ಬರೋಣ. ಕಸಬಾ ಲಿಂಗಸುಗೂರು ಬೇರೆ, ಛಾವಣಿ ಲಿಂಗಸುಗೂರು ಬೇರೆ ಎಂದು ನಮ್ಮ ಜನರು ಹೇಳುವುದುಂಟಷ್ಟೆ. ಆ ಛಾವಣಿಯು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯದು. ನಿಜಾಮನ ಹೆಸರಿನಲ್ಲಿದ್ದು ಇಂಗ್ಲಿಷ್ ಅಧಿಕಾರಿಗಳ ಕೈಯಲ್ಲಿದ್ದ ಆ ಸೇನೆಯ ವೆಚ್ಚಕ್ಕಾಗಿಯೇ 1853ರ ಒಪ್ಪಂದದಂತೆ ವರ್ಹಾಡ, ಧಾರಾಶಿವಗಳೊಡನೆ ನಮ್ಮ ರಾಯಚೂರು ದೋಆಬೂ ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಲ್ಪಟ್ಟಿತು. 1860ರಲ್ಲಿ ನಿಜಾಮನಿಗೆ ಹಿಂದಿರುಗಿತು. ಆ ಏಳು ವರುಷ ಸಿಪಾಯಿಯ ಕೋವಿಯ, ಅಂಗಿಯ, ಚೀಲದ ವೆಚ್ಚವನ್ನು ಹೊತ್ತದ್ದು ಈ ಎರೆನೆಲದ ಒಕ್ಕಲಿಗನ ಬೆನ್ನೆಂದು ಹೇಳಿದರೆ ತಪ್ಪಾಗಲಾರದು.

ಇಂಗ್ಲಿಷರು ಬೆನ್ನುಚೀಲವನ್ನು ‘ನ್ಯಾಪ್‌ಸ್ಯಾಕ್’ ಎಂದೂ, ಪಕ್ಕದ ಚೀಲವನ್ನು ‘ಹ್ಯಾವರ್‌ಸ್ಯಾಕ್’ ಎಂದೂ ಕರೆಯುವರು. ಮೊದಲನೆಯದು ತಿನ್ನುವುದೆಂಬ ಅರ್ಥದ ಧಾತುವಿನಿಂದಲೂ, ಎರಡನೆಯದು ಕುದುರೆಗೆ ಹಾಕುವ ಓಟ್ಸ್ ಧಾನ್ಯದ ಜರ್ಮನ್ ಹೆಸರಿನಿಂದಲೂ ಹುಟ್ಟಿದುವು. ಎಂದರೆ ಎರಡೂ ಮೂಲತಃ ನಮ್ಮ ಬುತ್ತಿಯ ಚೀಲಗಳೇ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬಳಕೆಗೆ ಬಂದ ಟ್ರಾಟರನ ಬೆನ್ನುಚೀಲವು ಬಣ್ಣ ಬಳಿದ ಕಿತ್ತಾನಿನದು. ಆಕಾರ ಕೆಡದಿರಲೆಂದು ಅಂಚುಗಳಲ್ಲಿ ಮರದ ಹಲಗೆಗಳನ್ನು ಕೂಡಿಸಿದ್ದರು. ಕವಾಯತಿನ ಸಾಲಿನಲ್ಲಿ ಅದು ನೋಡಲು ಅಂದವಾಗಿದ್ದಿತು. ಆದರೆ ಹಲಗೆಯು ಬೆನ್ನನ್ನು ಒತ್ತುತ್ತಿತ್ತು, ಎದೆಯ ಮೇಲಿನ ಅಡ್ಡಪಟ್ಟಿಯು ಉಸಿರನ್ನು ಹಿಡಿಯುತ್ತಿತ್ತು.

ಈ ಚೀಲದ ದೆಸೆಯಿಂದ ರಕ್ತವೂ ಹರಿದಿದೆ. 1824ರಲ್ಲಿ ಬರ್ಮಾ ಯುದ್ಧಕ್ಕಾಗಿ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಿಂದ ಹೊರಡಬೇಕಾಗಿದ್ದ 47ನೆಯ ಬಂಗಾಳ ಪಾಯದಳಕ್ಕೆ ಹೊರೆಯೆತ್ತುಗಳು ದೊರೆಯಲಿಲ್ಲ. ಜಾತಿಧರ್ಮದಂತೆ ತಂತಮ್ಮ ಹಿತ್ತಾಳೆಯ ಪಾತ್ರೆಗಳನ್ನು ತಾವೇ ಒಯ್ಯಬೇಕಾಗಿದ್ದ ಸಿಪಾಯಿಗಳು, ಕೋವಿ ಮದ್ದುಗುಂಡುಗಳೊಡನೆ ಅದೆಲ್ಲವನ್ನೂ ಹೊರಲಾರೆವೆಂದರು. ಎತ್ತುಗಳನ್ನು ಒದಗಿಸಿರೆಂದು ಬೇಡಿದರು. ನವೆಂಬರ್ ತಿಂಗಳ ಆರಂಭದ ಕವಾಯತಿಗೆ ಬೆನ್ನುಚೀಲಗಳಿಲ್ಲದೆ ಬಂದು ನಿಂತರು. ಸೇನಾಪತಿ ಪೇಜೆಟನು ಅವರ ಮೇಲೆ ಫಿರಂಗಿ ಹಾರಿಸಿದನು. ಬಹುಮಂದಿ ಹತರಾದರು, ಮುಂದಾಳಾದ ಬಿಂದಿ ತಿವಾರಿಯನ್ನು ಗಲ್ಲಿಗೇರಿಸಿದರು. ವಾಹನವಿಲ್ಲದಿದ್ದರೆ ಸೈನಿಕನ ಮೇಲೆ ಹೊರಿಸು ಎಂಬುದಕ್ಕೂ ಒಂದು ಮೇರೆಯುಂಟೆಂಬುದನ್ನು ಆ ಅಧಿಕಾರಿಗಳು ಅರಿಯದೆ ಹೋದರು.

ಆ ಮೇರೆಯನ್ನು ಕಂಡುಹಿಡಿಯಲು ವೈದ್ಯರೇ ಬೇಕಾಯಿತು. 1860ರ ದಶಕದಲ್ಲಿ ನೆಟ್ಲಿಯ ಸೈನಿಕ ವೈದ್ಯಶಾಲೆಯ ಆಚಾರ್ಯನಾದ ಪಾರ್ಕ್ಸನೂ ಇತರರೂ ಸೇರಿದ ಮಂಡಲಿಯೊಂದು ಬೆನ್ನುಚೀಲದಿಂದ ಸಿಪಾಯಿಯ ಆರೋಗ್ಯಕ್ಕಾಗುವ ಬಾಧೆಯನ್ನು ವಿಚಾರಿಸಿತು. ಅದರ ಫಲವಾಗಿ 1871ರಲ್ಲಿ ಹಲಗೆಯಿಲ್ಲದ ಮೃದುವಾದ ‘ವಲೀಸ್’ ಚೀಲವು ಬಂದಿತು. ಅದು ಬೆನ್ನಿನ ಮೇಲ್ಭಾಗವನ್ನು ಬಿಟ್ಟು ಸೊಂಟದ ಬಳಿ ಕುಳಿತಿತು. 1888ರ ಸ್ಲೇಡ್-ವಾಲೇಸ್ ಮಾದರಿಯಲ್ಲಿ ಚೀಲವು ಮತ್ತೆ ಹೆಗಲಿಗೆ ಏರಿತು. 1908ರಲ್ಲಿ ತೊಗಲನ್ನು ಬಿಟ್ಟು ಹತ್ತಿಯ ದಪ್ಪ ಪಟ್ಟಿಯಿಂದಲೇ ಸಮಸ್ತ ಸಾಧನವನ್ನೂ ನೆಯ್ದರು. ಅದರಲ್ಲಿ ಎದೆಯ ಕಡೆ ಒಂದೊಂದು ಬದಿಗೆ 75ರಂತೆ 150 ಗುಂಡುಗಳು, ಹಿಂದೆ ದೊಡ್ಡ ಚೀಲ. ಮುಂದಿನ ಭಾರಕ್ಕೆ ಹಿಂದಿನ ಭಾರವು ಸರಿತೂಗುವಂತೆ ಕಟ್ಟು. ಎಲ್ಲವನ್ನೂ ಅಂಗಿಯಂತೆ ಒಮ್ಮೆಗೇ ತೊಡಬಹುದಾಗಿತ್ತು, ಕಳಚಬಹುದಾಗಿತ್ತು. ನಮ್ಮ ಅಡ್ಡೆಯ ತತ್ತ್ವವೇ ಇದು. ಆದರೂ ಒಟ್ಟು ಹೊರೆಯು ಸುಮಾರು 60 ಪೌಂಡುಗಳಿಗೆ ಇಳಿಯಲಿಲ್ಲ. ರೂಪಗಳೆಲ್ಲವೂ ಭಾರವನ್ನು ಸ್ಥಳಾಂತರಗೊಳಿಸಿದುವೇ ಹೊರತು ಕಡಿಮೆ ಮಾಡಲಿಲ್ಲ.

ಇಷ್ಟರಲ್ಲಿ 1903ರಲ್ಲಿ ಕಂಟಿಂಜೆಂಟ್ ಸೇನೆಯು ಭಾರತದ ಸೇನೆಯಲ್ಲಿ ಲೀನವಾಯಿತು. ಅದರ ಪಾಯದಳಗಳಿಗೆ 94ರಿಂದ 99ರ ವರೆಗಿನ ಅಂಕಗಳು ದೊರೆತುವು. 1922ರಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟ್ ಎಂಬ ಹೆಸರು ಬಂದಿತು. ಅದೇ 1945ರಲ್ಲಿ ಕುಮಾವೂಂ ರೆಜಿಮೆಂಟ್ ಎನಿಸಿಕೊಂಡಿತು. ಹಿಮಾಲಯದ ಹೆಸರು ಹೊತ್ತ ಆ ರೆಜಿಮೆಂಟಿನ ಬೇರು ಲಿಂಗಸುಗೂರಿನಂತಹ ಛಾವಣಿಗಳಲ್ಲಿದೆಯೆಂಬುದನ್ನು ನಮ್ಮವರು ಮರೆಯಬಾರದು.

ನಮ್ಮ ಹಿರಿಯರು ‘ಮಿಲಿಟರಿ ಚೀಲ’ವೆಂದು ಕರೆಯುತ್ತಿದ್ದ ಖಾಕಿಯ ಕಿರುಚೀಲವು 1937ರ ಮಾದರಿಯದು. ಇದನ್ನು 1908ರ ಹ್ಯಾವರ್‌ಸ್ಯಾಕಿನೊಡನೆ ಹೋಲಿಸಿದರೆ ಎತ್ತರ 11 ಅಂಗುಲ, ಅಗಲ 9 ಅಂಗುಲ, ಎರಡಕ್ಕೂ ಒಂದೇ. ಆದರೆ ಹಳೆಯದರ ಆಳವು 2 ಅಂಗುಲ, ಹೊಸದರದು 4. ಹಳೆಯದು ಎಡದ ಪಕ್ಕದಲ್ಲಿ ತೂಗುತ್ತಿತ್ತು. ಹೊಸದನ್ನು ಬೆನ್ನಿಗೇ ಕಟ್ಟಲೆಂದು ಮಾಡಿದರು. ಹೊಸದರ ಒಳಗೆ ನೀರಿನ ಶೀಸೆಗೂ ಊಟದ ಡಬ್ಬಿಗೂ ಬೇರೆ ಬೇರೆ ಗೂಡುಗಳುಂಟು. ಯುದ್ಧಕಾಲದಲ್ಲಿ ಭಾರತದಲ್ಲಿ ತಯಾರಾದುವುಗಳ ಪಟ್ಟಿಯ ನೇಯ್ಗೆಯು ವಿಲಾಯತಿಯದಕ್ಕಿಂತ ಒರಟಾಗಿರುವುದು. ಮುಚ್ಚಳದ ಒಳಮಗ್ಗುಲಿನಲ್ಲಿ ಇಸವಿಯ ಮುದ್ರೆಯಿದ್ದರೆ ಅದೊಂದು ಪುಟ್ಟ ಶಾಸನವೇ ಸರಿ. ಯಾರ ಅಟ್ಟದಲ್ಲಿಯಾದರೂ ಅಂಥದು ಉಳಿದಿದ್ದರೆ ಹಳೆಯ ಅರಿವೆಯೆಂದು ಎಸೆಯಬಾರದು.

1937ರ ಮಾದರಿಯ ಮುಖ್ಯ ವಿಶೇಷವು ಚೀಲದಲ್ಲಿಲ್ಲ, ಏರ್ಪಾಟಿನಲ್ಲಿದೆ. 1908ರ ದೊಡ್ಡ ಚೀಲವು ಹಾಗೆಯೇ ಉಳಿಯಿತು. ಆದರೆ ಅದು ಸಿಪಾಯಿಯ ಬೆನ್ನಿನಿಂದ ಇಳಿದು ಮೋಟಾರು ಲಾರಿಯನ್ನು ಏರಿತು. ಬಣಜಾರರ ಎತ್ತು ಗಾಲಿಗಳ ರೂಪದಲ್ಲಿ ಮರಳಿ ಬಂದಿತು, ಕೌಟಿಲ್ಯನ ಕ್ರಮವು ಮತ್ತೆ ನೆಲೆಗೊಂಡಿತು. ಲಾರಿ ನಡೆಯದ ಬರ್ಮಾದ ಕಾಡುಗಳಲ್ಲಿ ಹೇಸರಗತ್ತೆಗಳೂ ವಿಮಾನಗಳೂ ಆ ಕೆಲಸವನ್ನು ಮಾಡಿದುವು. ಅಲ್ಲಿಯ ಆರಾಕಾನ್ ಸೀಮೆಯಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟಿನ ದಳವೊಂದನ್ನು ನಡೆಸಿದವರು ನಮ್ಮ ಕೊಡಗಿನ ತಿಮ್ಮಯ್ಯನವರು. ಆ ಕಾಡುಗಳಿಗೆಂದೇ ಹಗುರವಾದ, ಬೇಗ ಒಣಗುವ 1944ರ ಮಾದರಿಯನ್ನು ನಿರ್ಮಿಸಿದರು. ಅದು ಕೈಗೆ ಬರುವಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು. ಆದಕಾರಣವೇ ಯುದ್ಧಕಾಲದ ಅಂಥ ಚೀಲವು ಇಂದು ದುರ್ಲಭವು.

ಆ ಮಾದರಿಗಳ ಕಾಲ ಕಳೆಯಿತು. ಚೀಲವು ಬೇರೆ ಬೆನ್ನುಗಳನ್ನು ಹುಡುಕಿಕೊಂಡಿತು. ಬಹುವರುಷ ಶಾಲೆಯಲ್ಲಿದ್ದ ನಮಗೆ ಈ ಮಾತನ್ನು ಹೇಳದಿರಲು ಸಾಧ್ಯವಿಲ್ಲ. ಮಗುವಿನ ಚೀಲವು ಮಗುವಿನ ತೂಕದ ಹತ್ತರಲ್ಲೊಂದಂಶವನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾಚೀಲ ನೀತಿಯು ಹೇಳುವುದು. ಇಪ್ಪತ್ತು ಕಿಲೋ ತೂಗುವ ಮಗುವಿಗೆ ಎರಡು ಕಿಲೋ ಮಾತ್ರ. ಹೆಗಲಪಟ್ಟಿಗೆ ಮೆತ್ತೆ ಹಾಕಿಸಿ, ಬಣ್ಣದ ಹೊಸ ಚೀಲವನ್ನು ತಂದುಕೊಟ್ಟು ಹೊರೆ ಹಗುರವಾಯಿತೆಂದು ಭಾವಿಸುವ ತಂದೆತಾಯಿಗಳು ಟ್ರಾಟರನಿಂದ 1908ರ ವರೆಗಿನ ಶತಮಾನವನ್ನು ನೆನೆಯಲಿ. ಚೀಲವನ್ನು ಬದಲಿಸುವುದು ಸುಲಭ. ಒಳಗಿನದನ್ನು ತೆಗೆಯುವುದೇ ನಿಜವಾದ ಸುಧಾರಣೆ. ಪ್ರತಿಯೊಂದು ಮನೆಯ ತಕ್ಕಡಿಯಲ್ಲಿ ಒಮ್ಮೆ ಆ ಚೀಲವನ್ನು ತೂಗಿ ನೋಡಬೇಕೆಂದು ವಾಚಕರಲ್ಲಿ ವಿಜ್ಞಾಪಿಸುವೆವು.